ತೂತಿನ ಡಿಸ್ಕು, ಹಳೇ ಬ್ರೇಕ್ ಆಯಿಲ್ಲು

ನನ್ನ ಗಂಡ ಲಿಂಡ್ಸೆಗೆ ಕಾರಿನ ವಿಷಯದಲ್ಲಿ ಎರಡೇ ನಂಬಿಕೆ: ಹೊಳೆಯೋದೆಲ್ಲ ಜೋರಾಗಿ ಓಡುತ್ತೆ, ಬಾಟ್ಲಿಯಲ್ಲಿ ಮಿಕ್ಕಿದ್ದು ಯಾವತ್ತೂ ಕೆಡೋದಿಲ್ಲ. ಈ ಎರಡನ್ನೂ ತಲೆ ಮೇಲೆ ಹೊತ್ತುಕೊಂಡು ಶನಿವಾರ ಬೆಳಿಗ್ಗೆ ಮಿಲೆಂಕೊನ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೊರಟ. ಒಬ್ಬನನ್ನೇ ಕಳಿಸಿದರೆ ಕೆಟ್ಟೆ ಅಂತ ನಾನೂ ಬೆನ್ನು ಹತ್ತಿದೆ.

ಮರುದಿನವೇ ನಮ್ಮ ಮುರಂಡಾ ಕಾರ್ ಕ್ಲಬ್ಬಿನ ಓಟ. ನಮ್ಮಲ್ಲಿ ಗಂಡ ಹೆಂಡತಿ ಒಂದೇ ಕಾರಿಗೆ ಹೆಸರು ಕೊಡೋದು ರೂಢಿ. ಒಬ್ಬರು ಐದು ಸುತ್ತು ಹೊಡೆದು ಇಳೀತಾರೆ, ಸೀಟು ಆರೋ ಮೊದಲೇ ಇನ್ನೊಬ್ಬರು ಹತ್ತುತ್ತಾರೆ. ಇಬ್ಬರಲ್ಲಿ ಬೇಗ ಮುಗಿಸಿದವರಿಗೆ ಈಸ್ಟರ್‌ಗೆ ಟಾಸ್ಮೇನಿಯಾಕ್ಕೆ ಹೋಗೋ ತಂಡದಲ್ಲಿ ಜಾಗ. ಒಂದು ಕಾರಿಗೆ ಒಂದೇ ಜಾಗ. ಏಳು ವರ್ಷವೂ ಲಿಂಡ್ಸೆಯೇ ಹೋದ, ಏಳು ವರ್ಷವೂ ನಾನು ಅವನಿಗೆ ಸ್ಯಾಂಡ್‌ವಿಚ್ ಕಟ್ಟಿಕೊಟ್ಟೆ. ಹೊಟ್ಟೆ ಉರೀತಿತ್ತು ಕಣ್ರೀ, ಮುಚ್ಚಿಡೋದೇನು.

"ಆ ತೂತು ಕೊರೆದ ಬ್ರೇಕ್ ಡಿಸ್ಕ್ ಕೊಡಯ್ಯ," ಅಂದ ಲಿಂಡ್ಸೆ, ಗೋಡೆ ಮೇಲಿನ ಫಳಫಳ ಮಾಲು ತೋರಿಸಿ.

ಮಿಲೆಂಕೊ ಕನ್ನಡಕದ ಮೇಲಿಂದ ನೋಡಿದ. "ಚಂದ ಇದೆ ಸ್ವಾಮಿ. ಆದ್ರೆ ಅಗ್ಗದ್ದು, ಕಾದ್ರೆ ತೂತಿನ ಸುತ್ತ ಬಿರುಕು ಬಿಡುತ್ತೆ. ಸಾದಾ ಡಿಸ್ಕ್ ತಗೊಳ್ಳಿ, ದಪ್ಪಗಿದೆ, ಬಿಸಿ ತಡ್ಕೊಳ್ಳುತ್ತೆ. ಜೊತೆಗೆ ಸೀಲ್ ಒಡೆಯದ ಹೊಸ ಬ್ರೇಕ್ ಆಯಿಲ್."

"ಆಯಿಲ್ ಮನೇಲಿದೆ, ಅರ್ಧ ಬಾಟ್ಲಿ. ಮೊನ್ನೆಮೊನ್ನೆ ತಂದಿದ್ದು."

"ಮೊನ್ನೆ ಅಂದ್ರೆ ನಮ್ಮ ಹಳೇ ನಾಯಿ ಬದುಕಿದ್ದಾಗ," ಅಂದೆ ನಾನು.

"ಅಯ್ಯೋ, ಮುಚ್ಚಳ ತೆಗೆದ ಆಯಿಲ್ ಗಾಳೀಲಿರೋ ನೀರು ಕುಡಿಯುತ್ತೆ," ಅಂದ ಮಿಲೆಂಕೊ. "ಬ್ರೇಕ್ ಕಾದಾಗ ಆ ನೀರು ಕುದ್ದು ಆವಿ ಆಗುತ್ತೆ. ಆಮೇಲೆ ಪೆಡಲ್ ತುಳಿದ್ರೆ ಕಲಸಿದ ಹಿಟ್ಟು ತುಳಿದ ಹಾಗೆ."

"ಏಳು ವರ್ಷದಿಂದ ಮಿಕ್ಕಿದ್ದನ್ನೇ ಹಾಕ್ತಿದ್ದೀನಿ. ನಂಗೊಂದು ದಿನಾನೂ ಹಾಗಾಗಿಲ್ಲ!"

ಹೇಗಾಗುತ್ತೆ, ಮಣ್ಣು? ಪ್ರತಿ ಸಲ ಮೊದಲು ಓಡಿಸೋನು ಅವನು. ತಣ್ಣಗಿನ ಬ್ರೇಕು ಅವನ ಪಾಲು, ಕಾದು ಕೆಂಡವಾದದ್ದು ನನ್ನ ಪಾಲು. ಅಂಗಡಿಯಲ್ಲೇ ಗ್ರಹಚಾರ ಬಿಡಿಸೋಣ ಅಂತ ಸೆರಗಿಲ್ಲದಿದ್ದರೂ ಟೊಂಕ ಕಟ್ಟಿದೆ. ಆಗ ತಟ್ಟನೆ ಬೇರೊಂದು ಹೊಳೀತು.

"ಆಯ್ತು ಕಣೋ," ಅಂದೆ, ಬೆಣ್ಣೆಯ ಹಾಗೆ. "ನಿನ್ನ ತೂತಿನ ಡಿಸ್ಕೇ ಇರಲಿ, ನಿನ್ನ ಬಾಟ್ಲೀನೇ ಇರಲಿ. ಆದ್ರೆ ಈ ಸಲ ಮೊದಲ ಸರದಿ ನಂದು."

"ಅಷ್ಟೇನಾ? ತಗೋ ಮಾರಾಯ್ತಿ!" ಅಂದ, ವಾದ ಗೆದ್ದ ಖುಷಿಯಲ್ಲಿ. ಮಿಲೆಂಕೊ ಏನನ್ನೋ ಹುಡುಕೋನ ಹಾಗೆ ಕೌಂಟರ್ ಕೆಳಗೆ ಬಗ್ಗಿದ. ಅವನ ಹೆಗಲು ಕುಣೀತಿತ್ತು.

ಭಾನುವಾರ ನಾನು ಐದು ಸುತ್ತು ಹೊಡೆದೆ. ಆಹಾ, ತಣ್ಣಗಿನ ಬ್ರೇಕು ಅಂದ್ರೆ ಏನು ಸುಖ! ಕಾಲಿಟ್ಟಲ್ಲಿ ಕಾರು ನಿಲ್ಲುತ್ತಿತ್ತು. ಕೊನೇ ಸುತ್ತಿನಲ್ಲಿ ಪೆಡಲ್ ಸ್ವಲ್ಪ ಒಳಗಿಳಿಯೋಕೆ ಶುರುವಾಯಿತು. ಇಳಿದವಳೇ ಧರ್ಮಕ್ಕೆ ಹೇಳಿದೆ. "ಪೆಡಲ್ ಮೆತ್ತಗಾಗ್ತಿದೆ. ಇಳಿಜಾರಿನ ತಿರುವಿಗೆ ಮುಂಚೇನೇ ಎರಡು ಸಲ ತುಳಿ. ಬೇಗ ತುಳಿ."

"ಬೇಗ ಬ್ರೇಕ್ ಹಾಕೋದು ನಿನ್ನ ಕಾಯಿಲೆ ಕಣೇ," ಅಂತ ಬಾಗಿಲು ಬಡಿದುಕೊಂಡು ಹೋದ.

ಎರಡನೇ ಸುತ್ತಿನಲ್ಲಿ ತಿರುವು ಬಲಕ್ಕೆ ಹೋಯಿತು, ನನ್ನ ಗಂಡ ನೆಟ್ಟಗೆ ಹೋದ. ತಪ್ಪಿದವರಿಗೆ ಅಂತಲೇ ಸುರಿದಿರೋ ಮರಳಿನಲ್ಲಿ ಚಕ್ರ ಅರ್ಧ ಮುಳುಗಿತು. ಟ್ರಾಕ್ಟರ್ ಬಂದು ಎಳೆಯಬೇಕಾಯಿತು. ಸಾಸೇಜ್ ಸುಡುತ್ತಿದ್ದವರೆಲ್ಲ ಇಕ್ಕಳ ಬಡಿದು ಚಪ್ಪಾಳೆ ಹೊಡೆದರು.

ಮೈಗೆ ಏನೂ ಆಗಿರಲಿಲ್ಲ. ಕಿವಿ ತುಂಬ ಮರಳು, ಬಾಯಿ ತುಂಬ ಬೈಗುಳ. "ಇದು ಲೆಕ್ಕಕ್ಕಿಲ್ಲ! ಬ್ರೇಕೇ ಇರಲಿಲ್ಲ, ಕಾಲು ನೆಲಕ್ಕೆ ಹೋಯ್ತು! ಇಂಥ ಬ್ರೇಕಲ್ಲಿ ಯಾವ ಮನುಷ್ಯ ಓಡಿಸ್ತಾನೆ?"

"ನಾನು," ಅಂದೆ. "ಏಳು ವರ್ಷದಿಂದ."

ಅಲ್ಲೇ ಇದ್ದ ಟೈರಿನ ಮೇಲೆ ಕೂತುಬಿಟ್ಟ. ಬಿದ್ದು ಬಿದ್ದು ನಗಬೇಕು ಅಂದುಕೊಂಡಿದ್ದವಳು ಅವನ ಕಿವಿಯ ಮರಳು ಕೊಡವಿದೆ.

"ಅಂಥ ಬ್ರೇಕಲ್ಲೂ," ಅಂದ ತಲೆ ಎತ್ತದೆ, "ನನಗಿಂತ ಬರೀ ಎರಡು ಸೆಕೆಂಡ್ ಹಿಂದೆ ಇರ್ತಿದ್ದೆಯಲ್ಲೇ."

ಆಮೇಲೆ ಎದ್ದು ಹೋಗಿ, ತಂಡದ ಹಾಳೆಯಲ್ಲಿ ತಾನೇ ನನ್ನ ಹೆಸರು ಬರೆದ.