ಸೀಮೆಸುಣ್ಣ ಹಾಕದ ಬಾಗಿಲು

ಸಾರಕ್ಕಿಯಿಂದ ಪಾಲಿಟೆಕ್ನಿಕ್ ಮೆಟ್ಟಿಲು ಹತ್ತಿದ ಮೊದಲ ಹುಡುಗ ಚಿಕ್ಕಬೈರಪ್ಪ. ಊರವರ ಬಾಯಲ್ಲಿ ಅವನು ಆಗಲೇ ಇಂಜಿನಿಯರ್. ಕನಕಪುರ ರಸ್ತೆಯಲ್ಲಿ ಊರು ದಾಟಿದ ಮೇಲೆ ಹೊಸದಾಗಿ ಎದ್ದಿದ್ದ ಸಣ್ಣ ಕಾರಿನ ಕಾರ್ಖಾನೆಗೆ ಅವನು ಕೊನೆಯ ವರ್ಷದ ತರಬೇತಿಗೆಂದು ಸೇರಿದಾಗ, ನಮ್ಮ ಹುಡುಗ ಕಾರು ಮಾಡುತ್ತಾನೆ ಎಂದು ಅರಳಿಕಟ್ಟೆಯಲ್ಲಿ ಮಾತಾಯಿತು. ಅವನು ಮಾಡುತ್ತಿದ್ದದ್ದು ಇಷ್ಟೇ: ಕಾರಿನೊಳಗೆ ಕೂತು ನೀರು ಎಲ್ಲಿಂದ ಬರುತ್ತದೆ ಎಂದು ನೋಡುವುದು.

ಅದೂ ಕೆಲಸವೇ. ತಯಾರಾದ ಪ್ರತಿ ಕಾರನ್ನೂ ತಗಡಿನ ಶೆಡ್ಡಿಗೆ ತಂದು, ಗಾಜು ಏರಿಸಿ, ನಾಲ್ಕು ಕಡೆಯಿಂದಲೂ ಪೈಪಿನಲ್ಲಿ ನೀರು ಹೊಡೆಯುತ್ತಿದ್ದರು. ಒಳಗೊಬ್ಬ ಸೀಮೆಸುಣ್ಣ ಹಿಡಿದು ಕೂತು, ಎಲ್ಲಿ ಹನಿ ಒಸರುತ್ತದೋ ಅಲ್ಲಿ ಗುರುತು ಹಾಕಬೇಕು. ಗುರುತು ಬಿದ್ದ ಕಾರು ವಾಪಸು ಹೋಗಿ, ಬಾಗಿಲಿನ ರಬ್ಬರು ಬದಲಾಯಿಸಿಕೊಂಡು ಬರಲು ಮೂರು ನಾಲ್ಕು ದಿನ ಹಿಡಿಯುತ್ತಿತ್ತು. ಕಾರೂ ಸಣ್ಣದು, ಹುಡುಗನೂ ಸಣ್ಣ ಮೈಯವನು. ಅವನು ಬಂದ ದಿನವೇ ಫೋರ್‌ಮನ್ ಏಕಾಂತಯ್ಯನವರು ಅವನನ್ನು ಒಳಗೆ ಕೂರಿಸಿದರು. ಮನೆಯಲ್ಲಿ ಮಾತ್ರ ಅವನ ಬಾಯಲ್ಲಿ ಬರೀ ಇಂಜಿನ್ನು, ಗೇರ್‌ಬಾಕ್ಸು. ಸುಳ್ಳಿಗೆ ಸುಂಕವಿಲ್ಲವಲ್ಲ.

ಆ ಬೇಸಗೆಯಲ್ಲಿ ಅಣ್ಣ ಬೋರಣ್ಣನಿಗೆ ಚಿಕ್ಕಲಸಂದ್ರದ ಗೌರಮ್ಮನ ಜೊತೆ ಮದುವೆ ಗೊತ್ತಾಯಿತು. ಅಪ್ಪ ಹೋದ ಮೇಲೆ ಹೊಲ ಉತ್ತು ತಮ್ಮನನ್ನು ಓದಿಸಿದವನು ಈ ಬೋರಣ್ಣ. ಮದುಮಗಳನ್ನು ಎತ್ತಿನ ಗಾಡಿಯಲ್ಲಲ್ಲ, ನಮ್ಮ ಕಾರ್ಖಾನೆಯ ಹೊಸ ಕಾರಿನಲ್ಲಿ ಮನೆ ತುಂಬಿಸಿಕೊಳ್ಳೋಣ ಎಂದು ಚಿಕ್ಕಬೈರಪ್ಪ ಊರೆದುರಿಗೆ ಮಾತು ಕೊಟ್ಟುಬಿಟ್ಟ. ಕೊಟ್ಟ ಮೇಲೆ ಹೋಗಿ ಏಕಾಂತಯ್ಯನವರ ಮುಂದೆ ಕೈಕಟ್ಟಿ ನಿಂತ. ಅವರು ಒಳ್ಳೆಯವರು. ಕೊಂಡವರ ಕೈಗೆ ಕೊಡುವ ಮೊದಲು ಪ್ರತಿ ಕಾರನ್ನೂ ರಸ್ತೆಯ ಮೇಲೆ ಐವತ್ತು ಮೈಲಿ ಓಡಿಸಿ ನೋಡುವ ಪದ್ಧತಿ ಅಲ್ಲಿತ್ತು. ಹೇಗೂ ಓಡಿಸಬೇಕು, ನಿಮ್ಮ ಅತ್ತಿಗೆಯನ್ನು ಕೂರಿಸಿಕೊಂಡೇ ಓಡಲಿ, ನೀರಿನ ಪರೀಕ್ಷೆ ಮುಗಿದ ಕಾರೊಂದನ್ನು ಡ್ರೈವರ್ ಜೊತೆ ಕಳಿಸುತ್ತೇನೆ ಎಂದರು.

ಮದುವೆಯ ಹಿಂದಿನ ದಿನ ಶೆಡ್ಡಿಗೆ ಬಂದದ್ದು ಒಂದೇ ಕಾರು. ಚಿಕ್ಕಬೈರಪ್ಪ ಒಳಗೆ ಕೂತ. ಮುಂದೆ ಒಣಗಿತ್ತು, ಬಲಗಡೆ ಒಣಗಿತ್ತು. ಇನ್ನೇನು ಇಳಿಯಬೇಕು, ಹಿಂದಿನ ಎಡಬಾಗಿಲ ಮೇಲಿನ ಮೂಲೆಯಲ್ಲಿ ಒಂದು ಹನಿ ತುಂಬಿಕೊಂಡು ಅವನ ಮಂಡಿಯ ಮೇಲೆ ಬಿತ್ತು. ಆಮೇಲೆ ಇನ್ನೊಂದು. ಸೀಮೆಸುಣ್ಣ ಕೈಯಲ್ಲೇ ಇತ್ತು. ಗೆರೆ ಎಳೆದರೆ ಕಾರಿಲ್ಲ. ಕಾರಿಲ್ಲದಿದ್ದರೆ ನಾಳೆ ಇಡೀ ಊರು ನಗುತ್ತದೆ. ಹೊರಗೆ ನೋಡಿದ. ಆಕಾಶದಲ್ಲಿ ಒಂದು ಚೂರು ಮೋಡವಿರಲಿಲ್ಲ. ಸೀಮೆಸುಣ್ಣವನ್ನು ಜೇಬಿಗೆ ಹಾಕಿಕೊಂಡು ಇಳಿದು, ಎಲ್ಲಾ ಒಣಗಿದೆ ಸಾರ್ ಎಂದ. ಏಕಾಂತಯ್ಯನವರು ಒಳಗೆ ಇಣುಕಿಯೂ ನೋಡಲಿಲ್ಲ. ನೀನು ಹೇಳಿದ ಮೇಲೆ ಮುಗಿಯಿತು ಎಂದರು.

ಮಾರನೆಯ ದಿನ ಚಿಕ್ಕಲಸಂದ್ರದಲ್ಲಿ ಧಾರೆ ಮುಗಿಯಿತು. ಹೂವು ಸುತ್ತಿದ ಕಾರಿನ ಹಿಂದಿನ ಸೀಟಿನಲ್ಲಿ ಬೋರಣ್ಣ, ಗೌರಮ್ಮ, ಜೊತೆಗೆ ಹೆಣ್ಣಿನ ಕಡೆಯ ಇಬ್ಬರು ಹೆಂಗಸರು ಒತ್ತಿಕೊಂಡು ಕೂತರು. ಗೌರಮ್ಮ ಎಡಗಡೆಯ ತುದಿಗೆ ಬಂದಳು. ನೇರ ಬಂದಿದ್ದರೆ ಬಿಸಿಲಿರುವಾಗಲೇ ಮನೆ ಸೇರುತ್ತಿದ್ದರು. ಆದರೆ ಮುಂದೆ ಕೂತಿದ್ದ ಇಂಜಿನಿಯರ್ ಸಾಹೇಬರಿಗೆ ಜಯನಗರದ ಹೊಸ ಅಗಲ ರಸ್ತೆಗಳಲ್ಲಿ ಅತ್ತಿಗೆಯನ್ನು ಮೆರೆಸಬೇಕಿತ್ತು. ಎರಡು ಸುತ್ತು ಹಾಕುವಷ್ಟರಲ್ಲಿ ಪಡುವಣ ದಿಕ್ಕು ಕಪ್ಪಾಯಿತು, ಗಾಳಿ ಎದ್ದಿತು, ಮಳೆ ಸುರಿಯಿತು. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂದು ಕುಣಿಯಬೇಕಾದ ರೈತನ ಮಗ ಹಿಂದಕ್ಕೆ ತಿರುಗಿ ನೋಡಿದ.

ನೀರು ಗೌರಮ್ಮನ ಬೈತಲೆಯ ಮೇಲೇ ಬೀಳುತ್ತಿತ್ತು. ಸೆರಗು ಗಂಡನ ವಲ್ಲಿಗೆ ಗಂಟು ಬಿದ್ದಿತ್ತು, ಅತ್ತ ಸರಿಯಲು ಜಾಗವಿರಲಿಲ್ಲ. ಮದುಮಗಳು ತಲೆ ಬಗ್ಗಿಸಿ ಕೂರಬೇಕೆಂದು ಹೇಳಿ ಕಳಿಸಿದ್ದರು, ಕೂತಿದ್ದಳು. ಒರೆಸಿಕೊಳ್ಳಲು ಕೈ ಎತ್ತಲಿಲ್ಲ, ಒರೆಸಿದರೆ ತನ್ನ ಕೈಯಾರೆ ಕುಂಕುಮ ಅಳಿಸಿದಂತಾಗುತ್ತದಲ್ಲ. ಮಳೆಯೇ ಅಳಿಸಿತು. ಮೋಡದ ಕತ್ತಲಲ್ಲಿ ಪಕ್ಕದವರಿಗೂ ನೀರು ಎಲ್ಲಿಂದ ಬಂತೆಂದು ಕಾಣಲಿಲ್ಲ.

ಸಾರಕ್ಕಿಯ ಮನೆ ಬಾಗಿಲಲ್ಲಿ ಆರತಿ ತಟ್ಟೆ ಹಿಡಿದ ಮುತ್ತೈದೆಯರು ಹಾಗೇ ನಿಂತರು. ಹಣೆ ಬರಿದು, ಕೆಂಪು ನೀರು ಮೂಗಿನ ಮೇಲಿಂದ ಇಳಿದು ಸೀರೆಯ ಎದೆಯ ಮೇಲೆ ಹರಡಿತ್ತು. ತಾಯಿ ಅಕ್ಕಯಮ್ಮ ಬಾಗಿಲ ಹಿಂದೆ ನಿಂತು ನೋಡಿದಳು. ಚಿಕ್ಕ ವಯಸ್ಸಿನಲ್ಲೇ ತನ್ನ ಕುಂಕುಮ ಕಳಕೊಂಡವಳು ಅವಳು. ಅವಳಲ್ಲಿ ಎದ್ದದ್ದು ಸಿಟ್ಟಲ್ಲ, ಹಿರಿಯ ಮಗನ ಜೀವದ ಬಗ್ಗೆ ಭಯ.

"ಏನ್ಲಾ ಬೈರ, ನಿಮ್ ಕಾರು ಸೋರ್ತದಾ?" ಎಂದು ಕೇಳಿದಳು.

ಎಲ್ಲರೂ ಅವನ ಮುಖ ನೋಡಿದರು. ಹೌದು ಎನ್ನುವ ಒಂದು ಮಾತು ಸಾಕಿತ್ತು. ಅವನಿಗೆ ಊರಿನ ನಗು ಕಂಡಿತು, ಏಕಾಂತಯ್ಯನವರ ಮುಖ ಕಂಡಿತು.

"ಇಲ್ಲ ಕಣವ್ವ. ಸೋರೋ ಕಾರು ನಮ್ಮಲ್ಲಿ ಆಚೆಗೇ ಬರಲ್ಲ. ನಾನೇ ಒಳ್ಗೆ ಕೂತು ನೋಡಿದೀನಿ," ಎಂದ.

ಅಲ್ಲಿಗೆ ಗೌರಮ್ಮನ ಹಣೆಬರಹ ತೀರ್ಮಾನವಾಯಿತು. ಕಾರಿನ ತುಂಬ ಜನ, ಸೋರದ ಕಾರು, ಇವಳೊಬ್ಬಳ ಹಣೆಯ ಮೇಲೆ ಮಾತ್ರ ನೀರು. ಕಾಲ್ಗುಣ ಎಂಬ ಮಾತು ಯಾರ ಬಾಯಿಂದ ಮೊದಲು ಬಂತೋ, ಸಂಜೆಯೊಳಗೆ ಇಡೀ ಊರಿನದಾಯಿತು.

ವಾರ ಕಳೆಯುವಷ್ಟರಲ್ಲಿ ಚಿಕ್ಕಬೈರಪ್ಪ ಏಕಾಂತಯ್ಯನವರಿಗೆ, ಮಳೆಯಲ್ಲಿ ಎಡಬಾಗಿಲು ಸ್ವಲ್ಪ ಒಸರಿದ ಹಾಗಿತ್ತು ಸಾರ್ ಎಂದು ಮೆಲ್ಲಗೆ ಹೇಳಿದ. ಅವರು ಅವನ ಪ್ರಾಮಾಣಿಕತೆಯನ್ನು ನಾಲ್ಕು ಜನರೆದುರು ಹೊಗಳಿ ರಬ್ಬರು ಬದಲಾಯಿಸಿದರು. ಕಾರು ಸರಿಹೋಯಿತು. ಮನೆಯಲ್ಲಿ ಮಾತ್ರ ಎತ್ತು ಕುಂಟಿದರೆ ಗೌರಮ್ಮನಿಂದ, ಬಾವಿಯ ಕಟ್ಟೆ ಕುಸಿದರೆ ಗೌರಮ್ಮನಿಂದ. ಬೋರಣ್ಣ ಜ್ವರ ಬಂದು ಮಲಗಿದಾಗ ಅಕ್ಕಯಮ್ಮ ಸೊಸೆಯ ಕೈಯಿಂದ ಗಂಜಿಯ ಬಟ್ಟಲನ್ನೇ ಕಿತ್ತುಕೊಂಡಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಹಾಗೆ ಚಿಕ್ಕಬೈರಪ್ಪ, ಕಾಲ್ಗುಣದ ಮಾತು ಬಂದಾಗಲೆಲ್ಲ ಎದ್ದು ಹೊರಗೆ ಹೋಗುತ್ತಿದ್ದ. ಇವತ್ತು ಹೇಳಬೇಕು ಎಂದುಕೊಳ್ಳುತ್ತಿದ್ದ. ಅತ್ತಿಗೆ ಮುದ್ದೆ ಬಡಿಸಲು ಬಂದರೆ ತಟ್ಟೆಯಿಂದ ಕಣ್ಣೆತ್ತಲು ನಾಚಿಕೆಯಾಗುತ್ತಿತ್ತು. ನಾಚಿಕೆ ಬೆಳೆದಂತೆ ಮಾತು ಇನ್ನೂ ಆಳಕ್ಕೆ ಇಳಿಯಿತು. ಆಷಾಢಕ್ಕೆ ಅವಳು ತವರಿಗೆ ಹೋದಳು. ತಿಂಗಳು ಮುಗಿದರೂ ಅಕ್ಕಯಮ್ಮ ಕರೆತರಲು ಅವಸರ ಮಾಡಲಿಲ್ಲ; ಕೊನೆಗೆ ಬೋರಣ್ಣನೇ ಹೋಗಿ ಕರೆತಂದ.

ಶ್ರಾವಣದಲ್ಲಿ ರಾಗಿ ಬಿತ್ತನೆ. ಮೊದಲ ದಿನ ಬೀಜದ ಪುಟ್ಟಿಯನ್ನು ಮನೆಗೆ ಹೊಸದಾಗಿ ಬಂದ ಸೊಸೆ ಹೊತ್ತು ಹೊಲಕ್ಕೆ ಹೋಗುವುದು ಅವರ ಮನೆಯ ವಾಡಿಕೆ. ಗೌರಮ್ಮ ಬೆಳಿಗ್ಗೆಯೇ ತಲೆಗೆ ನೀರು ಹಾಕಿಕೊಂಡು, ಬಟ್ಟೆಯ ಸಿಂಬೆ ಸುತ್ತಿ ತಲೆಯ ಮೇಲಿಟ್ಟುಕೊಂಡು ಅಂಗಳಕ್ಕೆ ಬಂದಳು.

"ನೀನು ಒಳಗಿರು," ಎಂದಳು ಅಕ್ಕಯಮ್ಮ. "ಬೀಜ ಆಚೆಗೆ ಹೋಗೋ ಹೊತ್ನಲ್ಲಿ ಎದುರಿಗೆ ಬರಬ್ಯಾಡ."

ಗೌರಮ್ಮ ಸಿಂಬೆ ತೆಗೆದುಕೊಂಡು ಒಳಗೆ ಹೋದಳು. ಚಿಕ್ಕಬೈರಪ್ಪನಿಗೆ ಇನ್ನು ತಡೆಯಲಾಗಲಿಲ್ಲ. ಅಂಗಳದಲ್ಲಿ, ಅವ್ವ ಮತ್ತು ಅಣ್ಣನೆದುರು ಎಲ್ಲವನ್ನೂ ಹೇಳಿದ: ಮಂಡಿಯ ಮೇಲೆ ಬಿದ್ದ ಹನಿ, ಜೇಬಿಗಿಳಿದ ಸೀಮೆಸುಣ್ಣ, ಬಾಗಿಲಲ್ಲಿ ಹೇಳಿದ ಸುಳ್ಳು. ಹೇಳುತ್ತ ಹೇಳುತ್ತ ಅತ್ತುಬಿಟ್ಟ.

ಅಕ್ಕಯಮ್ಮ ಅವನ ತಲೆ ಸವರಿದಳು. ಅವಳ ಕಣ್ಣೂ ಒದ್ದೆಯಾಗಿತ್ತು.

"ಸೋರಲ್ಲ ಅಂತ ಅವತ್ತು ನೀನೇ ಅಂದ್ಯಲ್ಲಪ್ಪ. ಅತ್ಗೆ ಮ್ಯಾಲಿನ ಕನಿಕರಕ್ಕೆ ಯಾಕೆ ತಪ್ಪು ಮೈಮ್ಯಾಲೆ ಹಾಕ್ಕೊಂತೀಯಾ?"

ಬೋರಣ್ಣನೂ ನಂಬಲಿಲ್ಲ. ಇಂಥ ತಮ್ಮ ಯಾರಿಗೆ ಸಿಗುತ್ತಾನೆ ಎಂದು ಅವನ ಭುಜ ಹಿಡಿದುಕೊಂಡ. ನಿಜ, ನಿಜ ಎಂದು ಚಿಕ್ಕಬೈರಪ್ಪ ಆಣೆ ಇಟ್ಟಷ್ಟೂ ಅವರ ಮೆಚ್ಚುಗೆ ಹೆಚ್ಚಾಯಿತು. ಕೊನೆಗೆ ಅಕ್ಕಯಮ್ಮನೇ ಹೇಳಿದಳು: ಬೀಜದ ಪುಟ್ಟಿಯನ್ನು ಈ ಸಲ ಇವನೇ ಹೊರಲಿ, ಇಷ್ಟು ಒಳ್ಳೆಯ ಮನಸ್ಸಿನವನು ಹೊತ್ತರೆ ಬೆಳೆ ಹುಲುಸಾಗುತ್ತದೆ.

ಅವನು ಅಡುಗೆಮನೆಗೆ ಓಡಿದ. ಗೌರಮ್ಮ ಒಲೆಯ ಮುಂದೆ ಕೂತಿದ್ದಳು. ಎಲ್ಲವೂ ಕೇಳಿಸಿತ್ತು.

"ಅತ್ಗೆ, ನೀವಾದ್ರೂ ನಂಬ್ತೀರಾ?"

"ನಂಗೆ ಅವತ್ತೇ ಗೊತ್ತಿತ್ತು," ಎಂದಳು. "ಮಳೆ ಶುರುವಾಯ್ತು, ಒಳಗಿನ್ನೂ ಒಂದು ಹನಿ ಬಿದ್ದಿರ್ಲಿಲ್ಲ. ನೀವು ತಿರುಗಿ ಆ ಮೂಲೇನೇ ನೋಡಿದ್ರಿ."

ಮತ್ತೆ ಯಾಕೆ ಸುಮ್ಮನಿದ್ದಿರಿ ಎಂದು ಅವನು ಕೇಳಿದ.

"ಹೊಸ್ತಿಲು ದಾಟಿ ಇನ್ನೂ ಒಳಗೆ ಬರದ ಹೆಣ್ಣಿನ ಮಾತು ಯಾರು ಕೇಳ್ತಾರೆ? ಅತ್ತೆ ಕೇಳಿದ್ದು ನಿಮ್ಮನ್ನ. ನೀವು ಹೇಳ್ತೀರ ಅಂತ ಕಾಯ್ತಾ ನಿಂತಿದ್ದೆ."

ಹೊತ್ತಾಯಿತು ಎಂದು ಅಂಗಳದಿಂದ ಬೋರಣ್ಣ ಕೂಗಿದ. ಗೌರಮ್ಮ ಎದ್ದು, ತನಗೆಂದು ಸುತ್ತಿಕೊಂಡಿದ್ದ ಸಿಂಬೆಯನ್ನು ಮೈದುನನ ಕೈಗೆ ಕೊಟ್ಟಳು. ಬೀಜಕ್ಕೆ ಎದುರಾಗಬಾರದೆಂದು ಗೋಡೆಯ ಕಡೆ ತಿರುಗಿ ನಿಂತಳು.