ದರ್ಜಿ ಹೊಲಿದ ಅಟ್ಟೆ

ಹಿಂದಿನ ಸಲ ದರ್ಜಿ ಸಮುದ್ರದ ಬಂಡೆಯ ಮೇಲೆ ಜಾರಿ ಬಿದ್ದು ಮನೆಗೆ ಬಂದಾಗ ಪ್ಯಾಂಟಿನಿಂದ ನೀರು ತೊಟ್ಟಿಕ್ಕುತ್ತಿತ್ತು, ಸೊಂಟ ಒಂದು ಕಡೆ ವಾಲಿತ್ತು. ಹೆಂಡತಿ ಅಂಗಡಿಯ ಬಾಗಿಲಲ್ಲೇ ಕೂತು ಯಾರದೋ ಅಂಗಿಗೆ ಕಾಜಾ ಹೊಲಿಯುತ್ತಿದ್ದಳು. ಕೂಗಾಡಲಿಲ್ಲ. ಸೂಜಿಯನ್ನು ಸೆರಗಿಗೆ ಚುಚ್ಚಿಟ್ಟು, ತಣ್ಣಗೆ ಹೇಳಿದಳು.

"ಇನ್ನೊಂದು ಸಲ ಬಟ್ಟೆ ಒದ್ದೆ ಮಾಡ್ಕೊಂಡು ಬಂದ್ರೆ, ಆ ಗಾಳದ ಕೋಲು ನನ್ನ ತಮ್ಮನಿಗೆ. ಮಾತು ಅಂದ್ರೆ ಮಾತು."

ಒಳಗೆ ಬೆಂಚಿನ ಮೇಲೆ ಕೂತು ಕಡಲೆ ಮೆಲ್ಲುತ್ತಿದ್ದ ತಮ್ಮ ಮೆಲ್ಲುವುದನ್ನೇ ನಿಲ್ಲಿಸಿದ. ಆ ಕೋಲಿನ ಮೇಲೆ ಅವನು ಕಣ್ಣು ಹಾಕಿ ಎಷ್ಟೋ ಕಾಲವಾಗಿತ್ತು. ಎದ್ದು ಬಂದು ಭಾವನ ಸೊಂಟ ನೀವುತ್ತಾ, "ಬಿಡಿ ಭಾವ, ವಯಸ್ಸಾದ ಮೇಲೆ ಆಸೆ ಕಡಿಮೆ ಮಾಡ್ಕೋಬೇಕು" ಅಂದ. ಕೈ ಸೊಂಟದ ಮೇಲಿತ್ತು, ಕಣ್ಣು ಮೂಲೆಯಲ್ಲಿ ಒರಗಿಸಿಟ್ಟ ಕೋಲಿನ ಮೇಲಿತ್ತು.

ದರ್ಜಿಗೆ ಆ ಕೋಲು ಅಂದರೆ ಜೀವ. ದಿನವೆಲ್ಲ ಮಷೀನಿನ ಮೇಲೆ ಬಗ್ಗಿದ ಬೆನ್ನು ನೆಟ್ಟಗಾಗುತ್ತಿದ್ದದ್ದು ಆ ಬಂಡೆಯ ಮೇಲೆ ನಿಂತಾಗ ಮಾತ್ರ. ಅಲ್ಲಿ ಯಾರೂ ಬಂದು, ಸೊಂಟ ಬಿಗಿ ಆಯ್ತು, ತೋಳು ಗಿಡ್ಡ ಆಯ್ತು ಅನ್ನುವುದಿಲ್ಲ. ಹಾಗಾಗಿ ಅವನು ಬಟ್ಟೆ ಬದಲಿಸುತ್ತಲೇ, ಬಂಡೆಯ ಮೇಲೆ ಜಾರದ ಬೂಟು ಹುಡುಕಬೇಕು ಅಂದುಕೊಂಡ. ಮಾರನೇ ದಿನವೇ ಬೂಟು ನೋಡಲು ಹೊರಟ. ಕರೆಯದಿದ್ದರೂ ಭಾವಮೈದ ಜೊತೆಗೆ ಬಂದ.

ಬೂಟಿನಂಗಡಿಯವನು ಮೊದಲು ತೋರಿಸಿದ್ದು ಮೊಣಕಾಲವರೆಗಿನ ಗಮ್‌ಬೂಟು.

"ಇದೇ ಸರಿ ಭಾವ," ಅಂದ ಭಾವಮೈದ. "ಒಳಗೆ ಒಂದು ಹನಿ ನೀರು ಬರಲ್ಲ."

"ಮೇಲಿಂದ ಅಲೆ ಬಂದ್ರೆ?"

"ಬಂದ್ರೆ ಬರಲಿ."

"ಬಂದದ್ದು ಹೋಗೋದು ಹೇಗೆ? ಕಾಲಿಗೆ ಎರಡು ಬಕೆಟ್ ಕಟ್ಕೊಂಡು ನಡೆಯೋಕೆ ನಾನೇನು ಬಾವಿಯ ರಾಟೆಯಾ?"

"ಹಾಗಾದ್ರೆ ನನಗೇ ಇರಲಿ," ಅಂದು ಭಾವಮೈದ ಗಮ್‌ಬೂಟನ್ನು ಕಂಕುಳಿಗೆ ಸೇರಿಸಿದ. ಮುಂದೆ ಕೋಲು ಕೈಗೆ ಬಂದಾಗ ಕಾಲಿಗೂ ಏನಾದರೂ ಬೇಕಲ್ಲ.

ದರ್ಜಿ ಬೂಟುಗಳನ್ನು ಬಟ್ಟೆ ನೋಡಿದ ಹಾಗೆ ನೋಡಿದ. ಹೊಲಿಗೆ ಎಳೆದ, ಬೂಟಿನ ನಾಲಗೆ ಮಡಚಿದ, ಮೂಸಿಯೂ ನೋಡಿದ. ಅಂಗಡಿಯವನು ಗಲ್ಲಕ್ಕೆ ಕೈಕೊಟ್ಟು ಕೂತ. ಕೊನೆಗೆ ಆರಿಸಿದ್ದು ಪಾದದ ಗಂಟು ಮುಚ್ಚುವ, ಲೇಸಿನ, ದಪ್ಪ ಕ್ಯಾನ್ವಾಸಿನ ಜೋಡಿ. ಲೇಸಿನ ತೂತುಗಳಿಗೆ ಹಿತ್ತಾಳೆಯ ಬಳೆ ಇತ್ತು. ಕಬ್ಬಿಣವಾದರೆ ಉಪ್ಪುನೀರು ಒಂದೇ ಮಳೆಗಾಲದಲ್ಲಿ ತಿಂದುಹಾಕುತ್ತದೆ. ದಪ್ಪ ಕಾಲುಚೀಲಕ್ಕೆ ಜಾಗವಿರಲಿ ಅಂತ ತನ್ನ ಅಳತೆಗಿಂತ ಒಂದು ನಂಬರು ದೊಡ್ಡದನ್ನೇ ತಗೊಂಡ.

ಆದರೆ ಅಟ್ಟೆ ರಬ್ಬರಿನದು. ಹಸಿರು ಪಾಚಿ ಕಂಡರೆ ರಬ್ಬರಿಗೆ ಕುಣಿಯುವ ಹುಚ್ಚು. ದರ್ಜಿ ಮನೆಗೆ ಬಂದವನೇ, ಇಸ್ತ್ರಿ ಮೇಜಿನ ಮೇಲೆ ಹಾಸುತ್ತಿದ್ದ ಹಳೆಯ ದಪ್ಪ ಉಣ್ಣೆಯ ಹಾಸನ್ನು ಹರವಿದ. ಉಣ್ಣೆ ಪಾಚಿಯನ್ನು ಒರೆಸಿಕೊಂಡು ಬಂಡೆಯನ್ನು ಹಿಡಿಯುತ್ತದೆ ಅನ್ನುವುದು ಅವನ ಲೆಕ್ಕ. ಬೂಟನ್ನು ಅದರ ಮೇಲಿಟ್ಟು ಸೀಮೆಸುಣ್ಣದಿಂದ ಗೆರೆ ಎಳೆದ, ಕತ್ತರಿಸಿದ, ಅಂಟು ಬಳಿದ, ಮೇಣದ ದಾರ ಪೋಣಿಸಿದ ದಬ್ಬಳದಲ್ಲಿ ಸುತ್ತ ಹೊಲಿದ. ಮಧ್ಯೆ ಅಲ್ಲಲ್ಲಿ ಗಿಡ್ಡ ಸ್ಟೀಲ್ ಸ್ಕ್ರೂ ತಿರುಗಿಸಿ, ತಲೆ ಹೊರಗೆ ಕಚ್ಚುವ ಹಾಗೆ ಬಿಟ್ಟ. ಕೆಂಪಗೆ ಕಾದ ದಬ್ಬಳದಿಂದ ಪಕ್ಕದಲ್ಲಿ ತೂತು ಮಾಡಿದ, ಒಳಗೆ ಬಂದ ನೀರು ಬಂದ ಹಾಗೇ ಹೋಗಲಿ ಅಂತ.

ಹೆಂಡತಿ ಒಂದು ಬೂಟನ್ನು ಎತ್ತಿ ತಿರುಗಿಸಿ ನೋಡಿದಳು. ಅಟ್ಟೆಯ ಸುತ್ತ ಒಂದು ಬೆರಳಿನಷ್ಟು ಉಣ್ಣೆ ಹೊರಗೆ ಚಾಚಿಕೊಂಡಿತ್ತು.

"ಏನ್ರೀ ಇದು, ಲಂಗದ ನೆರಿಗೆ ಹಾಗೆ?"

"ಅಂಚಿಗೆ ಬಿಟ್ಟಿದ್ದು. ಮುಂದೆ ಬೇಕಾಗುತ್ತೆ."

"ಬೂಟು ಮೈ ಬಂದು ದಪ್ಪಗಾದ್ರೆ ಬಿಚ್ಚಿ ಸಡಿಲ ಮಾಡೋಕಾ?"

"ಹೊಲಿಗೆ ಸವೆದ್ರೆ ಮಡಚಿ ಇನ್ನೊಂದು ಹೊಲಿಗೆ ಹಾಕಬಹುದು ಕಣೇ. ಜೀವಮಾನವಿಡೀ ಅಂಚಿಗೆ ಬಟ್ಟೆ ಬಿಟ್ಟೇ ಹೊಲಿದಿದ್ದೀನಿ. ಹೊಲಿಗೆಯ ಮಟ್ಟಕ್ಕೆ ಕತ್ತರಿಸೋನು ದರ್ಜಿ ಅಲ್ಲ, ಕಟುಕ."

ಅವಳು ಬೂಟನ್ನು ಕೆಳಗಿಟ್ಟಳು. ನಗು ಬಂದದ್ದು ಕಾಣಬಾರದು ಅಂತ ದಾರ ಕಡಿಯುವ ನೆಪ ಮಾಡಿದಳು.

ರಜೆಯ ದಿನ ಬೆಳಿಗ್ಗೆ ಮೂವರೂ ಹೊರಟರು. ಹೆಂಡತಿ ತೀರ್ಪು ಕೊಡುವವಳು. ಹೊಲಿಗೆಯ ಬುಟ್ಟಿ ಜೊತೆಗೇ ತಂದು ದಂಡೆಯ ಒಣಗಿದ ಕಟ್ಟೆಯ ಮೇಲೆ ಕೂತಳು. ಭಾವಮೈದ ಗಮ್‌ಬೂಟು ತೊಟ್ಟು, ಕೋಲು ಹಾಕಿಕೊಂಡು ಹೋಗಲು ಉದ್ದನೆಯ ಖಾಲಿ ಚೀಲವನ್ನು ಹೆಗಲಿಗೇರಿಸಿಕೊಂಡಿದ್ದ. ಮುಖ ಊರಗಲವಾಗಿತ್ತು.

ದರ್ಜಿ ಪಾಚಿಗಟ್ಟಿದ ಬಂಡೆಯ ಮೇಲೆ ಕಾಲಿಟ್ಟ. ಜಾರಲಿಲ್ಲ. ಇನ್ನೊಂದು ಕಾಲಿಟ್ಟ. ಗೋಡೆ ಹಿಡಿದ ಹಲ್ಲಿಯ ಹಾಗೆ ಬೂಟು ಬಂಡೆಯನ್ನು ಹಿಡಿದುಕೊಂಡಿತು. ಅವನು ಬಂಡೆಯ ತುದಿಯವರೆಗೂ ಕಾಲಗಲಿಸಿ ನಡೆದು, ನಿಂತು, ಗಾಳ ಬೀಸಿ, ಹಿಂದಿರುಗಿ ಹೆಂಡತಿಯ ಕಡೆ ನೋಡಿದ. ಭಾವಮೈದನ ಹೆಗಲ ಮೇಲಿನ ಚೀಲ ಸ್ವಲ್ಪ ಜೋತುಬಿತ್ತು.

ಅಷ್ಟರಲ್ಲಿ ಮೀನು ಕಚ್ಚಿತು. ಸಾಮಾನ್ಯದ್ದಲ್ಲ, ಕೋಲು ಬಿಲ್ಲಾಯಿತು. ದರ್ಜಿ ಎರಡೂ ಕಾಲನ್ನು ಹತ್ತಿರ ತಂದು ಊರಿ ಎಳೆದ. ಎಡಗಾಲಿನ ಸ್ಕ್ರೂಗಳು ಬಂಡೆಯನ್ನು ಕಚ್ಚುವ ಬದಲು ಬಲಗಾಲಿನ ಅಂಚನ್ನು ಕಚ್ಚಿದವು. ನೆನೆದ ಉಣ್ಣೆ ಬಿಡಲಿಲ್ಲ. ಎಡಗಾಲು ಎತ್ತಿದರೆ ಬಲಗಾಲು ಬರುತ್ತದೆ, ಬಲಗಾಲು ಎತ್ತಿದರೆ ಎಡಗಾಲು. ತನ್ನ ಕೈಯಾರೆ ತನ್ನೆರಡು ಕಾಲನ್ನು ಕೂಡಿಸಿ ಹೊಲಿದುಕೊಂಡಿದ್ದ. ಒಂದು ದೊಡ್ಡ ಅಲೆ ಬಂದರೆ ಅವನೂ ನೀರಿಗೆ, ಕೋಲೂ ಚೀಲಕ್ಕೆ.

"ಯಾಕೆ ಭಾವ, ಗೊಂಬೆ ಹಾಗೆ ನಿಂತ್ರಿ?" ಭಾವಮೈದ ಕೂಗಿದ.

"ಮೀನು ದಣಿಯಲಿ ಅಂತ."

"ನೀವು ಅಲ್ಲಾಡ್ತಿದ್ದೀರಲ್ಲ?"

"ಗಾಳಿ."

ಗಾಳಿ ಇರಲಿಲ್ಲ. ಹೆಂಡತಿ ಕಣ್ಣು ಕಿರಿದು ಮಾಡಿ ನೋಡಿದಳು. ದರ್ಜಿಯ ಹೆಂಡತಿಗೆ ಅಷ್ಟೂ ತಿಳಿಯುವುದಿಲ್ಲವೇ? "ಅಂಚು ತುಳ್ಕೊಂಡಿದ್ದಾರೆ ಕಣೋ," ಅಂದು, ಬುಟ್ಟಿಯಿಂದ ಕತ್ತರಿ ತೆಗೆದು ತಮ್ಮನ ಕೈಗೆ ಕೊಟ್ಟಳು. "ಹೋಗಿ ಕೊಟ್ಟು ಬಾ."

"ನಾನಾ?"

"ಗಮ್‌ಬೂಟು ಹಾಕಿರೋದು ನಾನಾ?"

ಭಾವಮೈದ ಹೊರಟ. ಹೆಣ್ಣು ನೋಡಲು ಬಂದವರ ಮುಂದೆ ನಡೆಯುವ ಹುಡುಗಿಯ ಹಾಗೆ ಒಂದೊಂದೇ ಹೆಜ್ಜೆ ಇಟ್ಟ. ಅಕ್ಕನ ಮಾತು ಮೀರಿದ ಹಾಗೂ ಆಗಬಾರದು, ಅಲೆ ಬರುವುದರೊಳಗೆ ತಲುಪಿದ ಹಾಗೂ ಆಗಬಾರದು. ದರ್ಜಿಯ ಹತ್ತಿರ ಬಂದದ್ದೇ ತಡ, ರಬ್ಬರಿಗೆ ಪಾಚಿ ಸಿಕ್ಕಿತು. ಸರ್ರನೆ ಜಾರಿ ಪಕ್ಕದ ಗುಂಡಿಯಲ್ಲಿ ಕೂತ. ಎರಡೂ ಬೂಟಿನೊಳಗೆ ಸಮುದ್ರ ತುಂಬಿಕೊಂಡಿತು. ಏಳಲು ನೋಡಿದ, ಕಾಲು ಮೇಲೇಳಲಿಲ್ಲ. ತಲೆಯೂ ಕತ್ತರಿ ಹಿಡಿದ ಕೈಯೂ ಮಾತ್ರ ನೀರಿನ ಮೇಲಿದ್ದವು.

"ಭಾವ, ಕೈ ಕೊಡಿ."

"ಈ ಕಡೆ ಮೀನಿದೆ ಕಣಯ್ಯ."

"ಭಾವ, ನಿಮ್ಮ ದಮ್ಮಯ್ಯ."

ದರ್ಜಿ ಮೀನಿನ ಕಡೆ ನೋಡಿದ, ಭಾವಮೈದನ ಕಡೆ ನೋಡಿದ. ಮೀನೇ ಹೆಚ್ಚು ಚೆನ್ನಾಗಿತ್ತು. ಆದರೂ ದಾರ ಸಡಿಲ ಬಿಟ್ಟು, ಕೋಲಿನ ಬುಡವನ್ನು ಅವನ ಕಡೆ ಚಾಚಿದ. ಆ ಹೊತ್ತಿಗೆ ಆ ಬಂಡೆಯ ಮೇಲೆ ದರ್ಜಿಯಷ್ಟು ಗಟ್ಟಿಯಾಗಿ ನಾಟಿಕೊಂಡದ್ದು ಬೇರೆ ಏನೂ ಇರಲಿಲ್ಲ. ಭಾವಮೈದ ಕೋಲು ಹಿಡಿದು ಮೇಲೆ ಬಂದ, ಬಂದವನು ಭಯಕ್ಕೆ ಭಾವನನ್ನು ಗಟ್ಟಿಯಾಗಿ ತಬ್ಬಿಕೊಂಡ. ಮೀನು ಯಾವಾಗಲೋ ಹೊರಟುಹೋಗಿತ್ತು.

ದರ್ಜಿ ಕತ್ತರಿ ತಗೊಂಡು ಬಗ್ಗಿದ. ಜೀವಮಾನದಲ್ಲಿ ಮೊದಲ ಸಲ, ಹೊಲಿಗೆಯ ಮಟ್ಟಕ್ಕೇ ಅಂಚನ್ನು ಕತ್ತರಿಸಿದ. ಹಲ್ಲು ಕಚ್ಚಿಕೊಂಡು, ಮುಖ ಬೇರೆ ಕಡೆ ತಿರುಗಿಸಿ. ಆಮೇಲೆ ಕಾಲುಗಳು ಬೇರೆಯಾದವು. ಭಾವಮೈದನನ್ನು ಕೈ ಹಿಡಿದು ನಡೆಸಿಕೊಂಡು, ಒಂದು ಸಲವೂ ಜಾರದೆ ದಂಡೆಗೆ ಬಂದ.

"ನೋಡಿದ್ಯಾ? ಬಿದ್ದೆನಾ?" ಅಂದ ಹೆಂಡತಿಗೆ.

ಭಾವಮೈದನ ಹಲ್ಲು ಚಳಿಗೆ ಕಟಕಟ ಅನ್ನುತ್ತಿದ್ದರೂ ಬುದ್ಧಿಗೆ ಚಳಿ ಹಿಡಿದಿರಲಿಲ್ಲ. "ಅಕ್ಕ, ನೀನು ಬೀಳೋ ಮಾತೇ ಆಡಿರಲಿಲ್ಲ. ಬಟ್ಟೆ ಒದ್ದೆ ಅಂದಿದ್ದೆ. ಭಾವನ ಅಂಗಿ ಮುಟ್ಟಿ ನೋಡು."

ಅವಳು ಗಂಡನ ಪ್ಯಾಂಟಿನ ಹಿಂಭಾಗ ಮುಟ್ಟಿದಳು, ಒಣಗಿತ್ತು. ಎದೆ ಮುಟ್ಟಿದಳು, ಹಿಂಡಿದರೆ ನೀರು ಬರುತ್ತಿತ್ತು. ದರ್ಜಿಯ ಮುಖ ಇಳಿಯಿತು.

"ಹೌದು, ಒದ್ದೆ," ಅಂದಳು.

"ಇವನು ತಬ್ಬಿಕೊಂಡದ್ದು ಕಣೇ."

"ಯಾರು ತಬ್ಬಿಕೊಂಡ್ರೆ ನನಗೇನು? ಮಾತು ಅಂದ್ರೆ ಮಾತು. ಕೋಲು ನಿಮ್ಮ ಕೈ ತಪ್ಪಿತು."

ಭಾವಮೈದ ಚೀಲದ ಬಾಯಿ ಬಿಚ್ಚಿದ.

"ನಿನ್ನ ಕೈಗೆ ಕೊಡೋಣ ಅಂದ್ರೆ, ನೀನು ಅವರಿಗಿಂತ ಒದ್ದೆ," ಅಂದು ಅವಳು ಕೋಲನ್ನು ತಾನೇ ತಗೊಂಡಳು. "ಇಲ್ಲಿ ಒಣಗಿರೋದು ನಾನೊಬ್ಬಳೇ. ನನ್ನ ಹತ್ತಿರ ಇರಲಿ. ಯಾರಿಗೆ ಬೇಕಾದ್ರೂ ಕೇಳಿ ತಗೊಂಡು ಹೋಗಿ. ಕೊಡೋ ಮನಸ್ಸಾದ್ರೆ ಕೊಡ್ತೀನಿ."

ದರ್ಜಿ ಯೋಚಿಸಿ ನೋಡಿದ. ಮನೆಯಲ್ಲಿ ಎರಡನೇ ಲೋಟ ಕಾಫಿಯನ್ನೂ ಅವನು ಅವಳನ್ನು ಕೇಳಿಯೇ ಕುಡಿಯುತ್ತಿದ್ದದ್ದು, ಅವಳು ಇಲ್ಲ ಅಂದದ್ದು ಕಡಿಮೆ. ಅವನ ಮುಖ ಮೆಲ್ಲಗೆ ಅರಳಿತು. ಅದನ್ನು ನೋಡಿ ಭಾವಮೈದನ ಮುಖ ಬಾಡಿತು.

ಅವಳು ಕೋಲನ್ನು ಒಂದು ಸಲ ಗಾಳಿಯಲ್ಲಿ ಬೀಸಿ ನೋಡಿದಳು. ಸುಂಯ್ ಅಂದಿತು. ಆ ಸದ್ದು ಅವಳಿಗೆ ಹಿಡಿಸಿದ ಹಾಗೆ ಕಂಡಿತು.

"ರೀ, ಇದನ್ನ ಎಸೆಯೋದು ಹೇಗೆ?"

"ಮಣಿಕಟ್ಟು ಸಡಿಲ ಬಿಡು," ಅಂದ ದರ್ಜಿ.

"ಮಣಿಕಟ್ಟು ಬಿಗಿ ಹಿಡಿ ಅಕ್ಕ," ಅಂದ ಭಾವಮೈದ.

ಇಬ್ಬರೂ ಒದ್ದೆ ಬಟ್ಟೆಯಲ್ಲೇ ನಿಂತು ಜಗಳಕ್ಕೆ ಬಿದ್ದರು. ಅವಳು ಇಬ್ಬರ ಮಾತನ್ನೂ ಕೇಳದೆ ನೀರಿನ ಕಡೆ ತಿರುಗಿದಳು.