ಮಡಿಯ ಬಸ್ಸು

ಬದಿಯಡ್ಕದಿಂದ ಮೊಗ್ರಾಲಿಗೆ ದಿನಕ್ಕೆ ಎರಡು ಸಲ ಹೋಗಿಬರುತ್ತಿದ್ದ ಆ ಬಸ್ಸಿಗೆ ಧಣಿಯೂ ಪುರಂದರ, ಡ್ರೈವರನೂ ಪುರಂದರ. ಹೊಸ ಬಸ್ಸು, ಬಂದು ಎಂಟು ತಿಂಗಳಾಗಿತ್ತಷ್ಟೆ. ಆ ವರ್ಷದ ಮಳೆಗಾಲ ಮುಗಿಯುತ್ತಿದ್ದಂತೆ ಅದರ ಗೇರ್‌ಬಾಕ್ಸು ಗುರ್ರೆನ್ನತೊಡಗಿತು. ಮೂರನೆಯ ಗೇರಿಗೆ ಹಾಕಿದರೆ ಕಬ್ಬಿಣ ಅಗಿಯುವ ಸದ್ದು. ಪುರಂದರನಿಗೆ ಊಟ ಸೇರುತ್ತಿರಲಿಲ್ಲ. ಬಸ್ಸು ಹೆಚ್ಚು ದಿನ ನಿಂತರೆ ಪರ್ಮಿಟ್ಟು ಕುಂಬಳೆಯ ಇನ್ನೊಬ್ಬ ಬಸ್ಸಿನವನ ಪಾಲಾಗುತ್ತಿತ್ತು. ಆ ಮಹಾಶಯ ಆಗಲೇ ಈ ದಾರಿಯಲ್ಲಿ ಸುಮ್ಮಸುಮ್ಮನೆ ಓಡಾಡಲು ಶುರು ಮಾಡಿದ್ದ.

ಉಳಿದಿದ್ದ ದಾರಿ ಗ್ಯಾರಂಟಿ ಒಂದೇ. ಒಂದು ವರ್ಷದೊಳಗೆ ಕೆಟ್ಟದ್ದನ್ನು ಕಂಪೆನಿಯೇ ಬದಲಾಯಿಸಿ ಕೊಡುತ್ತದೆ ಎಂದು ಮಂಗಳೂರಿನ ಏಜೆಂಟರು ಇಂಗ್ಲಿಷ್ ಕಾಗದ ಕೊಟ್ಟಿದ್ದರು. ಪುರಂದರ ಅದನ್ನು ದೇವರ ಪಟದ ಹಿಂದೆ ಇಟ್ಟಿದ್ದ. ಅವರಿಗೆ ಬರೆದು ಹಾಕಿದಾಗ, ಗುರುವಾರ ನಮ್ಮ ಜನ ಬಂದು ನೋಡುತ್ತಾರೆ ಎಂದು ಜವಾಬು ಬಂತು. ಕಾಗದದ ಕೆಳಗಿನ ಸಣ್ಣ ಅಕ್ಷರಗಳಲ್ಲಿ ಏನಿದೆಯೆಂದು ತಿಳಿಯಲು ಅವನು ಹರಿನಾರಾಯಣ ಮಾಷ್ಟ್ರ ಮನೆಗೆ ಹೋದ.

ಊರಿಗೆಲ್ಲ ಇಂಗ್ಲಿಷ್ ಓದಿ ಹೇಳುವವರು ಈ ಮಾಷ್ಟ್ರು. ‘ಗೊತ್ತಿಲ್ಲ’ ಎಂಬ ಮಾತನ್ನು ಅವರ ಬಾಯಲ್ಲಿ ಯಾರೂ ಕೇಳಿದವರಿಲ್ಲ. ಊರಿನ ಗ್ರಹಚಾರ ಅದೇ.

“ಹೊರಗಿನವರು ಮಾಡಿದ ಸಾಮಾನು ಸೇರಿಸಿದರೆ ಗ್ಯಾರಂಟಿ ಇಲ್ಲ ಅಂತ ಉಂಟು” ಎಂದರು ಮಾಷ್ಟ್ರು.

“ಯಾವುದಕ್ಕೆ ಇಲ್ಲ ಮಾಷ್ಟ್ರೇ? ಆ ಸಾಮಾನಿಗಾ, ಇಡೀ ಬಸ್ಸಿಗಾ?”

ಮಾಷ್ಟ್ರು ಕಾಗದವನ್ನು ದೂರ ಹಿಡಿದರು, ಹತ್ತಿರ ಹಿಡಿದರು. ಮುಂದಿನ ವಾಕ್ಯ ನಾಲ್ಕು ಸಾಲು ಉದ್ದವಿತ್ತು.

“ಎಂತ ಕೇಳುವುದು ನೀನು? ಇದು ಮಡಿ ಇದ್ದ ಹಾಗೆ ಮಾರಾಯ. ಕಿರುಬೆರಳಿಗೆ ಮೈಲಿಗೆಯಾದರೆ ಕಿರುಬೆರಳು ಮಾತ್ರ ತೊಳೆದರೆ ಆಗ್ತದಾ? ಇಡೀ ಮೈಗೆ ಸ್ನಾನ ಬೇಡವಾ?”

ಪುರಂದರನಿಗೆ ತಟ್ಟನೆ ಅರ್ಥವಾಯಿತು. ಆ ಮನೆಯ ಜಗಲಿ ಹತ್ತದೆ ಅಂಗಳದಲ್ಲೇ ನಿಂತು ಮಾತಾಡುವುದನ್ನು ಅವನು ಚಿಕ್ಕಂದಿನಿಂದ ಕಲಿತವನು. ಬಸ್ಸಿನ ಎಡಗಡೆಯ ಮುಂದಿನ ಸ್ಪ್ರಿಂಗಿನಲ್ಲಿ ಇದ್ದದ್ದು ಕಮ್ಮಾರ ಕೂಸಪ್ಪ ಮಾಡಿದ ಪಟ್ಟಿ.

ಬಸ್ಸಿನ ಸ್ಪ್ರಿಂಗ್ ಎಂದರೆ ಒಂದರ ಕೆಳಗೊಂದು ಜೋಡಿಸಿದ ಬಾಗಿದ ಉಕ್ಕಿನ ಪಟ್ಟಿಗಳು. ಚಕ್ರದ ಅಚ್ಚನ್ನು ಅದರ ಜಾಗದಲ್ಲಿ ಹಿಡಿದಿಡುವುದು ಮೇಲಿನ ದೊಡ್ಡ ಪಟ್ಟಿ. ಎರಡು ತಿಂಗಳ ಹಿಂದೆ ಕೂಸಪ್ಪ ಕಂಪೆನಿಯ ಪಟ್ಟಿಯನ್ನು ಸುತ್ತಿಗೆಯಿಂದ ತಟ್ಟಿ, ಕಿವಿಗೊಟ್ಟು, “ಇದು ಒಡಕು ಮಡಕೆಯ ಹಾಗೆ ಮಾತಾಡ್ತದೆ. ಒಳಗೆ ಬಿರುಕು ಉಂಟು” ಎಂದಿದ್ದ. ಕಂಪೆನಿಗೆ ಬರೆದು ಕಾಯುವಷ್ಟು ದಿನ ಬಸ್ಸು ನಿಲ್ಲಿಸಲು ಪುರಂದರನಿಗೆ ಮನಸ್ಸಾಗಲಿಲ್ಲ. ಮೂರು ದಿನ ಕುಲುಮೆಯ ಮುಂದೆ ಬೆವರು ಸುರಿಸಿ ಕೂಸಪ್ಪನೇ ಹೊಸದು ಮಾಡಿಕೊಟ್ಟ. ತಟ್ಟಿದರೆ ಟಣ್ಣೆಂದು, ಸ್ವಲ್ಪ ಹೊತ್ತು ಗಾಳಿಯಲ್ಲೇ ನಿಲ್ಲುವ ಸದ್ದು ಅದರದ್ದು.

“ಹಳೆಯದ್ದನ್ನು ಇಟ್ಟುಕೊಳ್ಬೇಡಿ ಪುರಂದರಣ್ಣ. ಕಣ್ಣೆದುರು ಇದ್ದರೆ ಯಾವತ್ತಾದರೂ ಬೇಕು ಅನಿಸ್ತದೆ. ಹೊಳೆಗೆ ಬಿಸಾಡಿ” ಎಂದೂ ಹೇಳಿದ್ದ.

ಪುರಂದರ ಬಿಸಾಡಿರಲಿಲ್ಲ.

ಬುಧವಾರ ಬಸ್ಸು ಓಡಲಿಲ್ಲ. ಕೂಸಪ್ಪನ ಪಟ್ಟಿಯನ್ನು ಬಿಚ್ಚಿ, ದನದ ಹಟ್ಟಿಯ ಅಟ್ಟದಲ್ಲಿ ಬೈಹುಲ್ಲಿನ ಅಡಿಯಲ್ಲಿ ಹುಗಿದಿಟ್ಟು, ಹಳೆಯದ್ದನ್ನೇ ಪುನಃ ಜೋಡಿಸಿದ. ಬಿರುಕು ಈಗ ಹೊರಗೂ ಕಾಣುತ್ತಿತ್ತು, ಕೂದಲೆಳೆಯಷ್ಟು. ಕಂಡರೆ ಬಸ್ಸನ್ನೇ ನಿಲ್ಲಿಸಿಯಾರು ಎಂದು ಅದರ ಮೇಲೆ ಕೈಯಾರೆ ಗ್ರೀಸು ಬಳಿದ.

ಹೆಂಡತಿ ದಮಯಂತಿ ನೋಡುತ್ತ ನಿಂತಿದ್ದಳು. “ಒಳ್ಳೆಯದ್ದನ್ನು ತೆಗೆದು ಹಾಳಾದದ್ದನ್ನು ಹಾಕುವುದಾ?”

“ನಾಳೆ ಒಂದು ದಿನಕ್ಕೆ ಅಲ್ವಾ?”

ಅವಳು ಮತ್ತೇನೂ ಹೇಳಲಿಲ್ಲ. ಹೇಳಬೇಕಿತ್ತೆಂದು ಆಮೇಲೆ ತುಂಬ ಅತ್ತಳು.

ಗುರುವಾರ ಬೆಳಿಗ್ಗೆ ಏಜೆಂಟರ ಕಡೆಯ ಜಯಪಾಲ ಮಂಗಳೂರಿನಿಂದ ಬಂದ. ಬಿಳಿ ಪ್ಯಾಂಟು ತೊಟ್ಟಿದ್ದರೂ ಬಸ್ಸಿನಡಿಗೆ ನುಸುಳಲು ಹಿಂಜರಿಯದ ಮನುಷ್ಯ. ಎಲ್ಲ ಕಡೆ ನೋಡಿ, “ಎಲ್ಲ ಕಂಪೆನಿಯದ್ದೇ ಉಂಟು” ಎಂದು ಪುಸ್ತಕದಲ್ಲಿ ಬರೆದುಕೊಂಡ. ಪುರಂದರನಿಗೆ ಹೋದ ಜೀವ ಬಂತು. ಆದರೆ ಗೇರಿನ ಸದ್ದನ್ನು ಜನ ತುಂಬಿದ ಬಸ್ಸಿನಲ್ಲೇ ಕೇಳಬೇಕು, ಮೊಗ್ರಾಲಿನವರೆಗೆ ಹೋಗೋಣ ಎಂದ ಜಯಪಾಲ. ಬೇಡ ಎನ್ನಲು ಪುರಂದರನಿಗೆ ಕಾರಣ ಸಿಗಲಿಲ್ಲ.

ಹೊರಡುವ ಹೊತ್ತಿಗೆ ಬಂದವನು ಕೂಸಪ್ಪ. ಮೊಗ್ರಾಲಿನಲ್ಲಿ ಅವನಿಗೆ ಹಳೆ ಕಬ್ಬಿಣ ತರುವುದಿತ್ತು. ಮುಂದಿನ ಸೀಟಿನಲ್ಲಿ, ಜಯಪಾಲನ ಎಡಕ್ಕೆ, ಬಾಗಿಲಿನ ಪಕ್ಕ ಕುಳಿತು ಬಾಯ್ತುಂಬ ನಕ್ಕ. “ನಾನು ಇಲ್ಲೇ ಕೂರ್ತೇನೆ, ನನ್ನ ಪಟ್ಟಿಯ ಮೇಲೆ.”

“ಯಾವ ಪಟ್ಟಿ?” ಎಂದ ಜಯಪಾಲ.

“ಎಂತದೂ ಇಲ್ಲ. ಅವನಿಗೆ ಮಾತು ಜಾಸ್ತಿ” ಎಂದು ಪುರಂದರ ಗದರಿದ.

ಕೂಸಪ್ಪನ ನಗು ಇಂಗಿಹೋಯಿತು. ಅಷ್ಟು ಜನರ ಎದುರು ಹಾಗೆ ಅನ್ನಿಸಿಕೊಳ್ಳುವಂಥ ತಪ್ಪು ಅವನೇನೂ ಮಾಡಿರಲಿಲ್ಲ.

ಜಯಪಾಲ ಬುದ್ಧಿವಂತ. ಸ್ವಲ್ಪ ದೂರ ಹೋದ ಮೇಲೆ ತಾನಾಗಿಯೇ ಹೇಳಿದ: “ಸ್ಪ್ರಿಂಗಿನ ಪಟ್ಟಿ ಊರಲ್ಲಿ ಮಾಡಿಸಿದ್ದೀರಾದರೆ ಹೆದರಬೇಡಿ ಪುರಂದರರೇ. ಆ ಪಟ್ಟಿಗೆ ನಮ್ಮ ಗ್ಯಾರಂಟಿ ಇಲ್ಲ, ಅಷ್ಟೇ. ಅದರಿಂದ ಬೇರೆ ಏನಾದರೂ ಕೆಟ್ಟರೆ ಅದಕ್ಕೂ ಇಲ್ಲ. ಗೇರ್‌ಬಾಕ್ಸಿಗೂ ಸ್ಪ್ರಿಂಗಿಗೂ ಎಂತ ಸಂಬಂಧ? ಕಾಗದದಲ್ಲೇ ಬರೆದುಂಟಲ್ಲ.”

ಮಾಷ್ಟ್ರು ಓದಿ ಹೇಳದ ಆ ನಾಲ್ಕು ಸಾಲು! ಪುರಂದರ ಬಸ್ಸನ್ನು ಅಲ್ಲೇ ನಿಲ್ಲಿಸಬೇಕಿತ್ತು. ನಿಲ್ಲಿಸಿದರೆ ಯಾಕೆಂದು ಹೇಳಬೇಕು. ನಿನ್ನ ಒಳ್ಳೆಯ ಪಟ್ಟಿಯನ್ನು ಮೈಲಿಗೆಯೆಂದು ತೆಗೆದೆ ಎಂದು ಕೂಸಪ್ಪನ ಮುಖ ನೋಡಿ ಹೇಳಬೇಕು. ನಾಚಿಕೆಯಾಯಿತು. ಇನ್ನೆಷ್ಟು ದೂರ, ಮೊಗ್ರಾಲು ಮುಟ್ಟಿದ ಮೇಲೆ ಹೇಳಿದರಾಯಿತು ಎಂದುಕೊಂಡ.

ಇಳಿಜಾರು ಶುರುವಾಯಿತು. ಎಡಕ್ಕೆ ಗೋಡೆಯಂತೆ ಕಡಿದು ನಿಂತ ಮುರಕಲ್ಲಿನ ಬರೆ, ಬಲಕ್ಕೆ ಗದ್ದೆ. ಕೂಸಪ್ಪ ಇದ್ದಕ್ಕಿದ್ದಂತೆ ಬಗ್ಗಿ ಕಿವಿಯನ್ನು ಕಾಲಬುಡಕ್ಕೆ ತಂದ. ಕೆಳಗಿನಿಂದ ಟಿಕ್, ಟಿಕ್ ಎಂಬ ಸಣ್ಣ ಸದ್ದು. ಅವನು ತಲೆಯೆತ್ತಿ ಪುರಂದರನನ್ನೇ ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಆಶ್ಚರ್ಯವಿತ್ತು.

“ಪುರಂದರಣ್ಣ, ಇದು ನನ್ನ ಕಬ್ಬಿಣದ ಸದ್ದಲ್ಲ.”

ಪುರಂದರ ಬ್ರೇಕು ಒತ್ತಿದ. ಒತ್ತಿದ್ದೇ ಪಟ್ಟಿ ತುಂಡಾಯಿತು. ಅಚ್ಚು ಹಿಂದಕ್ಕೆ ಜಾರಿ, ಸ್ಟೀರಿಂಗು ಕೈಯಿಂದ ಕಿತ್ತುಕೊಂಡು, ಬಸ್ಸು ಎಡಮಗ್ಗುಲಾಗಿ ಬರೆಗೆ ಬಡಿಯಿತು. ಕೆಲವರ ಕೈಕಾಲು ಮುರಿಯಿತು. ಜಯಪಾಲನ ಹಣೆ ಒಡೆಯಿತು. ಸತ್ತವನು ಕೂಸಪ್ಪ ಒಬ್ಬನೇ.

ಊರಿಗೆ ಮಾತು ಬೇಕಲ್ಲ. ತಾನು ಮಾಡಿದ ಪಟ್ಟಿಯೇ ಮುರಿದು ಸತ್ತ, ಕಂಪೆನಿಯವರ ಕೆಲಸಕ್ಕೆ ಕುಲುಮೆಯವ ಕೈ ಹಾಕಿದರೆ ಹೀಗೇ ಎಂದಿತು. ಮಾಷ್ಟ್ರೂ ತಲೆದೂಗಿದರು. ಪುರಂದರ ಸುಮ್ಮನಿದ್ದ. ಹದಿನೈದು ದಿನಗಳಲ್ಲಿ ಏಜೆಂಟರಿಂದ ಪೆಟ್ಟಿಗೆ ಬಂತು. ಬಸ್ಸಿನಲ್ಲಿದ್ದದ್ದೆಲ್ಲ ಕಂಪೆನಿಯ ಸಾಮಾನೇ ಎಂದು ಬರೆದುಕೊಂಡದ್ದರಿಂದ ಗೇರ್‌ಬಾಕ್ಸಿನ ಜೊತೆಗೆ ಹೊಸ ಸ್ಪ್ರಿಂಗೂ ಇತ್ತು, ಎಣ್ಣೆಕಾಗದದಲ್ಲಿ ಸುತ್ತಿ, ಮುಟ್ಟಿದರೆ ಎಲ್ಲಿ ಕೊಳೆಯಾಗುತ್ತದೋ ಎಂಬಷ್ಟು ಚೊಕ್ಕವಾಗಿ.

ಕೂಸಪ್ಪನ ಉತ್ತರಕ್ರಿಯೆ ಮುಗಿದ ಮರುದಿನ ಅವನ ಹೆಂಡತಿ ಅಮ್ಮು ಬಂದು ಅಂಗಳದಲ್ಲಿ ನಿಂತಳು.

“ಜನ ಹೇಳ್ತಾರೆ, ಇವರ ಕೈಯದ್ದೇ ಮುರಿದದ್ದು ಅಂತ. ನೀವು ಹೇಳಿ ಪುರಂದರಣ್ಣ. ಹೌದಾ?”

ದಮಯಂತಿ ಗಂಡನ ಮುಖ ನೋಡಿದಳು. ಪುರಂದರ ಎದ್ದು ಹಟ್ಟಿಗೆ ಹೋದ. ಬೈಹುಲ್ಲು ಸರಿಸಿ ಪಟ್ಟಿಯನ್ನು ಹೊತ್ತು ತಂದು ಅವಳ ಕಾಲ ಬುಡದಲ್ಲಿಟ್ಟ.

ಅಮ್ಮು ಕುಕ್ಕರಗಾಲಲ್ಲಿ ಕುಳಿತು ಅಂಗಳದ ಕಲ್ಲೊಂದನ್ನು ಎತ್ತಿ ಪಟ್ಟಿಗೆ ತಟ್ಟಿದಳು. ಟಣ್ಣೆಂದಿತು. ಸದ್ದು ಪೂರ್ತಿ ಅಡಗುವವರೆಗೆ ಅವಳು ಕಿವಿಗೊಟ್ಟು ಕುಳಿತಳು, ಕೂಸಪ್ಪ ಕೂರುತ್ತಿದ್ದ ಹಾಗೆಯೇ.

“ಇದು ಸರಿ ಉಂಟಲ್ಲ ಪುರಂದರಣ್ಣ” ಎಂದಳು. “ಮತ್ತೆ ಇದು ಇಲ್ಲಿ ಎಂತಕ್ಕೆ ಉಂಟು?”